ಸೂಪರ್‌ಚಾರ್ಜರಾ, ಟರ್ಬೊವಾ? ಮೊದಲು ಲೆಕ್ಕ ಹಾಕೋಣ



ಕಳೆದ ಭಾನುವಾರ ಪೂಜೆ ಮುಗಿದು ಎಲ್ಲರೂ ಇಗರ್ಜಿಯ ಅಂಗಳದಲ್ಲಿ ಮಾತಾಡುತ್ತಾ ನಿಂತಿದ್ದಾಗ ನಮ್ಮ ಯುವ ಸಂಘದ ಹುಡುಗನೊಬ್ಬ ಮೊಬೈಲ್ ಹಿಡಿದುಕೊಂಡು ಬಂದ. ಅವನ ಅಣ್ಣ ದುಬೈಯಿಂದ ಕಳಿಸಿದ ವಿಡಿಯೊ. ಮರಳಿನ ದಿಬ್ಬವನ್ನು ಒಂದು ಅಮೆರಿಕನ್ ಪಿಕಪ್ ಅಬ್ಬರಿಸುತ್ತಾ ಹತ್ತುತ್ತಿದೆ. "ಅಣ್ಣ, ಇದಕ್ಕೆ ಸೂಪರ್‌ಚಾರ್ಜರ್ ಉಂಟಂತೆ. ಟರ್ಬೊಗಿಂತ ಅದೇ ಒಳ್ಳೆಯದಾ?" ಎಂದು ಕೇಳಿದ. ನಾನು ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದವನು ಎಂಬ ಒಂದೇ ಕಾರಣಕ್ಕೆ ಇಂಥ ಪ್ರಶ್ನೆಗಳೆಲ್ಲ ನನ್ನ ತಲೆಗೇ ಬರುತ್ತವೆ.

ಅರ್ಧ ಗಂಟೆ ಜೋರು ಚರ್ಚೆ ನಡೆಯಿತು. ಎಲ್ಲರೂ ಚದುರಿದ ಮೇಲೆ ಅವನು ಮೆಲ್ಲಗೆ ನಿಜವಾದ ವಿಷಯ ಹೇಳಿದ. "ಪಪ್ಪನ ಪಿಕಪ್‌ಗೆ ದೊಡ್ಡ ಟರ್ಬೊ ಹಾಕಿ ಟ್ಯೂನಿಂಗ್ ಮಾಡಿ ಕೊಡ್ತೇನೆ ಅಂತ ಒಬ್ಬರು ಹೇಳಿದ್ದಾರೆ. ಮಾಡಿಸಲಾ?"

ಆ ಪಿಕಪ್ ಅಡಿಕೆ, ತೆಂಗಿನಕಾಯಿ, ಸಿಮೆಂಟ್ ಹೊರುವ ಡೀಸೆಲ್ ಗಾಡಿ. ಅದರ ಸಾಲದ ಕಂತು ಇನ್ನೂ ಮುಗಿದಿಲ್ಲ. ಮನೆ ಖರ್ಚು, ತಂಗಿಯ ಕಾಲೇಜಿನ ಫೀಸು ಎಲ್ಲವೂ ಅದರ ದುಡಿಮೆಯಿಂದಲೇ. ಹಾಗಾಗಿ ಅವನಿಗೆ ಅಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಬೇರೆಯವರಿಗೂ ಉಪಯೋಗವಾಗಬಹುದು.

ಮೊದಲು ವಿಷಯ ಏನೆಂದು ನೋಡೋಣ. ಒಲೆಯ ಬೆಂಕಿ ಮಂಕಾದರೆ ಅಜ್ಜಿ ಊದುಗೊಳವೆಯಲ್ಲಿ ಗಾಳಿ ಊದುತ್ತಾರಲ್ಲ, ಎಂಜಿನ್‌ನಲ್ಲೂ ಹೆಚ್ಚುಕಡಿಮೆ ಅದೇ ಕತೆ. ಒಳಗೆ ಹೆಚ್ಚು ಗಾಳಿ ಹೋದರೆ ಹೆಚ್ಚು ಇಂಧನ ಉರಿಸಬಹುದು, ಹೆಚ್ಚು ಶಕ್ತಿ ಬರುತ್ತದೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 14.7 ಪಿಎಸ್‌ಐ. ಅದರ ಮೇಲೆ ಇನ್ನೂ 7 ಪಿಎಸ್‌ಐ ಒತ್ತಿ ತುಂಬಿದರೆ, ಗಾಳಿ ಬಿಸಿಯಾಗದೆ ಉಳಿದರೆ, ಸುಮಾರು ಒಂದೂವರೆ ಪಟ್ಟು ಗಾಳಿ ಒಳಗೆ ಸೇರುತ್ತದೆ. ಆದರೆ ಬಿಸಿಯಾಗದೆ ಇರುವುದಿಲ್ಲ. ಸೈಕಲ್‌ಗೆ ಪಂಪ್ ಹೊಡೆದವರಿಗೆ ಗೊತ್ತು, ಪಂಪಿನ ತುದಿ ಕೈ ಸುಡುತ್ತದೆ. ಅದಕ್ಕೇ ಆ ಗಾಳಿಯನ್ನು ತಣ್ಣಗೆ ಮಾಡಲು ಇಂಟರ್‌ಕೂಲರ್ ಬೇಕು.

ಗಾಳಿ ಊದುವುದಕ್ಕೂ ಶಕ್ತಿ ಬೇಕು. ಅದನ್ನು ಎಲ್ಲಿಂದ ತರುವುದು ಎಂಬುದೇ ಎರಡಕ್ಕೂ ಇರುವ ವ್ಯತ್ಯಾಸ. ಸೂಪರ್‌ಚಾರ್ಜರ್ ತನ್ನ ಶಕ್ತಿಯನ್ನು ಬೆಲ್ಟ್ ಮೂಲಕ ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್‌ನಿಂದಲೇ ತೆಗೆದುಕೊಳ್ಳುತ್ತದೆ. ಎಂಜಿನ್ ತಿರುಗಿದ ಕೂಡಲೇ ಅದೂ ತಿರುಗುತ್ತದೆ, ಆಕ್ಸಿಲರೇಟರ್ ಒತ್ತಿದ ಕ್ಷಣವೇ ಎಳೆತ ಸಿಗುತ್ತದೆ. ಟರ್ಬೊ ಸೈಲೆನ್ಸರ್ ಕಡೆಗೆ ಹೊರಟ ಬಿಸಿ ಹೊಗೆಯಿಂದ ತಿರುಗುತ್ತದೆ. ಉರಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಆ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಹಾಳಾಗಿ ಹೋಗುವುದರಿಂದ ಒಂದಿಷ್ಟನ್ನು ಮರಳಿ ದುಡಿಸಿಕೊಳ್ಳುವುದು ಟರ್ಬೊದ ಜಾಣ್ಮೆ. ಹಾಗೆಂದು ಅದೂ ಪೂರಾ ಪುಕ್ಕಟೆ ಅಲ್ಲ. ಹೊಗೆಯ ದಾರಿಗೆ ಅದು ಅಡ್ಡ ನಿಲ್ಲುತ್ತದೆ, ಬಿಸಿ ಹೆಚ್ಚುತ್ತದೆ, ವೇಗ ಹಿಡಿಯಲು ಒಂದು ಕ್ಷಣ ತಡವಾಗುತ್ತದೆ. ಆ ತಡವನ್ನೇ ಲ್ಯಾಗ್ ಅನ್ನುವುದು.

ಎರಡೂ ಹಳೆಯ ವಿದ್ಯೆಗಳೇ. ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು ತಮ್ಮ ಗಾಳಿಯಂತ್ರಕ್ಕೆ ಪೇಟೆಂಟ್ ಪಡೆದದ್ದು 1860ರಲ್ಲಿ. ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿ ಟರ್ಬೊದ ಕಲ್ಪನೆಗೆ ಪೇಟೆಂಟ್ ಪಡೆದದ್ದು 1905ರಲ್ಲಿ.

ಈಗ ಆ ವಿಡಿಯೊದಲ್ಲಿದ್ದಂಥ ಅಮೆರಿಕನ್ ಪಿಕಪ್‌ಗಳಿಗೆ ಬರೋಣ. 2021ರ ರ‍್ಯಾಮ್ ಟಿಆರ್‌ಎಕ್ಸ್‌ನಲ್ಲಿ 6.2 ಲೀಟರಿನ ವಿ8 ಎಂಜಿನ್, ಮೇಲೊಂದು ಸೂಪರ್‌ಚಾರ್ಜರ್, 702 ಅಶ್ವಶಕ್ತಿ. 2023ರಲ್ಲಿ ಫೋರ್ಡ್ ಕೂಡ ರ‍್ಯಾಪ್ಟರ್ ಆರ್‌ಗೆ 5.2 ಲೀಟರಿನ ಸೂಪರ್‌ಚಾರ್ಜ್ಡ್ ವಿ8 ಕೂರಿಸಿ 700 ಅಶ್ವಶಕ್ತಿ ತೆಗೆಯಿತು. ಕೇಳಲು ರೋಮಾಂಚನ. ಆದರೆ ಟಿಆರ್‌ಎಕ್ಸ್‌ನ ಅಧಿಕೃತ ಮೈಲೇಜ್ ಗ್ಯಾಲನ್‌ಗೆ 12 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 5 ಕಿ.ಮೀ.

2024ರ ಮಾದರಿಯ ನಂತರ ರ‍್ಯಾಮ್ ಅದನ್ನು ನಿಲ್ಲಿಸಿ 2025ಕ್ಕೆ ಆರ್‌ಎಚ್‌ಒ ಎಂಬ ಪಿಕಪ್ ತಂದಿತು. ಅದರಲ್ಲಿರುವುದು 3 ಲೀಟರಿನ ಆರು ಸಿಲಿಂಡರ್ ಎಂಜಿನ್, ಎರಡು ಟರ್ಬೊ, 540 ಅಶ್ವಶಕ್ತಿ. ಅಂದರೆ ಎಂಜಿನ್ ಅರ್ಧಕ್ಕಿಂತ ಚಿಕ್ಕದು, ಶಕ್ತಿ 162 ಕಡಿಮೆ. ಆದರೂ ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗ ಮುಟ್ಟಲು ಕಂಪನಿಯೇ ಹೇಳಿದ ಸಮಯ ಟಿಆರ್‌ಎಕ್ಸ್‌ಗೆ 4.5 ಸೆಕೆಂಡ್, ಆರ್‌ಎಚ್‌ಒಗೆ 4.6 ಸೆಕೆಂಡ್. ಕಣ್ಣು ಮಿಟುಕಿಸುವಷ್ಟೂ ಅಂತರವಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕಾರ್ಖಾನೆಯಿಂದಲೇ ಬರುವ ಗಾಡಿಗೆ, ಅದರಲ್ಲೂ ಭಾರ ಎಳೆಯುವ ಗಾಡಿಗೆ ಟರ್ಬೊವೇ ಉತ್ತಮ. ಸುಮ್ಮನೆ ಓಡುವಾಗ ಚಿಕ್ಕ ಎಂಜಿನ್‌ನಂತೆ ಇರುತ್ತದೆ, ಬೇಕಾದಾಗ ದೊಡ್ಡದರಂತೆ ಎಳೆಯುತ್ತದೆ. ಗುಡ್ಡ ಹತ್ತಿದಂತೆ ಗಾಳಿ ತೆಳುವಾಗುತ್ತದಲ್ಲ, ಅಲ್ಲಿಯೂ ಟರ್ಬೊ ಹೆಚ್ಚು ವೇಗವಾಗಿ ತಿರುಗಿ ನಷ್ಟವನ್ನು ಬಹುಪಾಲು ತುಂಬಿಕೊಳ್ಳಬಲ್ಲದು. ಕೊಲರಾಡೊದ ಐಸೆನ್‌ಹೋವರ್ ಸುರಂಗ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಟ್ರೈಲರ್ ಎಳೆದುಕೊಂಡು ಅಲ್ಲಿಗೆ ಹತ್ತುವವರಿಗೆ ಇದು ಸಣ್ಣ ವಿಷಯವಲ್ಲ. ಸೂಪರ್‌ಚಾರ್ಜರ್ ಬೆಲ್ಟಿಗೆ ಕಟ್ಟುಬಿದ್ದದ್ದು, ಎಂಜಿನ್ ವೇಗಕ್ಕಿಂತ ಬೇರೆಯಾಗಿ ತಿರುಗಲಾರದು.

ಆದರೆ ಇನ್ನೊಂದು ಪಕ್ಷದ ವಾದವನ್ನೂ ನ್ಯಾಯವಾಗಿ ಹೇಳಬೇಕು. ಅಮೆರಿಕದಲ್ಲಿ ಯಾವ ಗಾಳಿಯಂತ್ರವೂ ಇಲ್ಲದ ವಿ8 ಪಿಕಪ್ ಇದ್ದು, ಅದನ್ನು ಆಮೇಲೆ ಬಲಪಡಿಸಬೇಕು ಎನ್ನುವವರಿಗೆ ಸೂಪರ್‌ಚಾರ್ಜರ್ ಕಿಟ್ ಸುಲಭದ ದಾರಿ. ಎಂಜಿನ್‌ನ ಮೇಲೆ ಕೂರಿಸಿ, ಬೆಲ್ಟ್ ಹಾಕಿ, ಇಂಧನ ಮತ್ತು ಕಂಪ್ಯೂಟರ್ ಹೊಂದಿಸಿದರೆ ಬಹುಪಾಲು ಕೆಲಸ ಮುಗಿಯಿತು. ಫೋರ್ಡ್‌ನದೇ ಬಿಡಿಭಾಗಗಳ ವಿಭಾಗ 5 ಲೀಟರಿನ ಎಫ್-150ಗೆ ಇಂಥ ಕಿಟ್ ಮಾರುತ್ತದೆ. 400ರ ಎಂಜಿನ್ 700 ಅಶ್ವಶಕ್ತಿಗೆ ಏರುತ್ತದೆ. ಅದೇ ಎಂಜಿನ್‌ಗೆ ಟರ್ಬೊ ಹಾಕಬೇಕಾದರೆ ಹೊಗೆಯ ಕೊಳವೆಗಳನ್ನು ಬದಲಿಸಬೇಕು, ಟರ್ಬೊಗೆ ಎಣ್ಣೆಯ ದಾರಿ ಮಾಡಬೇಕು, ಬಿಸಿಯಿಂದ ಸುತ್ತಲಿನ ವಯರು, ಪೈಪುಗಳನ್ನು ಕಾಪಾಡಬೇಕು. ಒಂದು ಕಡೆ ತಪ್ಪಿದರೆ ಎಂಜಿನ್ ಕೆಟ್ಟಂತೆಯೇ.

ಮೊದಲೇ ಟರ್ಬೊ ಇರುವ ಡೀಸೆಲ್ ಗಾಡಿಯಾದರೆ ಮಾತು ಬೇರೆ. 1989ರ ಮಾದರಿಯಲ್ಲಿ ಡಾಡ್ಜ್ ರ‍್ಯಾಮ್‌ಗೆ ಕಮಿನ್ಸ್‌ನ 5.9 ಲೀಟರ್ ಟರ್ಬೊ ಡೀಸೆಲ್ ಬಂದಾಗ ಅದರ ಶಕ್ತಿ ಬರೇ 160 ಅಶ್ವಶಕ್ತಿ. ಆದರೆ ಎಳೆತದ ಟಾರ್ಕ್ ಬೇಕಾದಷ್ಟಿತ್ತು, ಅದರಿಂದಲೇ ಅದು ಹೆಸರು ಮಾಡಿತು. ಇಂಥ ಗಾಡಿಗಳಿಗೆ ದೊಡ್ಡ ಟರ್ಬೊ ಹಾಕುವವರು ಅಲ್ಲಿ ಬಹಳ ಮಂದಿ. ಅವರು ಒಂದು ಮಾತು ಬೇಗ ಕಲಿಯುತ್ತಾರೆ. ಶಕ್ತಿ ಹೆಚ್ಚಿಸಿದರೆ ಅದು ಎಂಜಿನ್‌ನಲ್ಲೇ ನಿಲ್ಲುವುದಿಲ್ಲ. ಕ್ಲಚ್, ಗಿಯರ್‌ಬಾಕ್ಸ್, ಆಕ್ಸಲ್, ಬ್ರೇಕ್ ಎಲ್ಲದರ ಬಾಗಿಲೂ ತಟ್ಟುತ್ತದೆ. ಟರ್ಬೊಗೆ ಕೊಟ್ಟ ದುಡ್ಡು ಖರ್ಚಿನ ಮೊದಲ ಕಂತು ಅಷ್ಟೆ.

ಶಕ್ತಿ ಬೇರೆ, ಕೆಲಸ ಬೇರೆ ಎಂಬುದಕ್ಕೆ 1991ರ ಜಿಎಂಸಿ ಸೈಕ್ಲೋನ್ ಒಳ್ಳೆಯ ಉದಾಹರಣೆ. ಟರ್ಬೊ ವಿ6, 280 ಅಶ್ವಶಕ್ತಿಯ ಸಣ್ಣ ಪಿಕಪ್. ಕಾಲು ಮೈಲಿಯ ಓಟದಲ್ಲಿ ಒಂದು ಅಮೆರಿಕನ್ ಪತ್ರಿಕೆ ಅದನ್ನು ಫೆರಾರಿಯ ಜೊತೆ ಓಡಿಸಿದಾಗ ಗೆದ್ದದ್ದು ಪಿಕಪ್ಪೇ. ಆದರೆ ಅದು ಹೊರಬಹುದಾಗಿದ್ದ ಭಾರ 500 ಪೌಂಡ್. ಅಂದರೆ ನಮ್ಮ 50 ಕಿಲೋದ ಸಿಮೆಂಟ್ ಚೀಲ ನಾಲ್ಕೂವರೆ! 702 ಅಶ್ವಶಕ್ತಿಯ ಟಿಆರ್‌ಎಕ್ಸ್ ಕೂಡ ಎಳೆಯಬಲ್ಲದು ಸುಮಾರು 3,670 ಕಿಲೋ. 400 ಅಶ್ವಶಕ್ತಿಯ, ಎರಡು ಟರ್ಬೊ ಇರುವ 2021ರ ಎಫ್-150 ಸರಿಯಾದ ಸಜ್ಜಿನಲ್ಲಿ 6,350 ಕಿಲೋ ಎಳೆಯುತ್ತದೆ. ಹಾರಲು ಮಾಡಿದ ಮೆತ್ತಗಿನ ಸಸ್ಪೆನ್ಷನ್ ಭಾರ ಹೊರುವುದಕ್ಕೆ ಆಗುವುದಿಲ್ಲ. ಒಂದೇ ಗಾಡಿ ಕುದುರೆಯೂ ಎತ್ತೂ ಆಗಲಾರದು.

ಇನ್ನೊಂದು ಖರ್ಚನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ, ಯಾಕೆಂದರೆ ಅದನ್ನು ಕೊಡುವವರು ಬೇರೆಯವರು. ಡೀಸೆಲ್ ಪಿಕಪ್ ಟ್ಯೂನ್ ಮಾಡುವ ಹೆಸರಿನಲ್ಲಿ ಹೊಗೆ ಶುದ್ಧ ಮಾಡುವ ಫಿಲ್ಟರ್, ಕೆಟಲಿಸ್ಟ್‌ಗಳನ್ನೇ ಕಿತ್ತುಹಾಕುವ ಚಾಳಿ ಅಮೆರಿಕದಲ್ಲಿ ಬೆಳೆಯಿತು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜಿಸಿದ ಪ್ರಕಾರ ಸುಮಾರು ಹತ್ತು ವರ್ಷಗಳಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಲ್ಲಿ ಹೀಗೆ ಮಾಡಲಾಗಿತ್ತು. ಬೇಕೆಂದೇ ಕರಿ ಹೊಗೆ ಉಗುಳಿಸಿ ವಿಡಿಯೊ ಮಾಡುವವರೂ ಇದ್ದಾರೆ. ಆ ಹೊಗೆ ಕುಡಿಯುವವರು ಹಿಂದೆ ಬರುವ ಬೈಕಿನವರು, ಬಸ್ಸಿಗೆ ಕಾಯುವ ಮಕ್ಕಳು, ದಮ್ಮಿನ ಕಾಯಿಲೆಯ ಅಜ್ಜಂದಿರು. ನಮ್ಮ ಐದು ನಿಮಿಷದ ಖುಷಿಯ ಬಿಲ್ಲನ್ನು ಅವರ ಕೈಗೆ ಕೊಡುವುದು ಸರಿಯೇ?

ಕಾನೂನಿನ ಮಾತೂ ಇದೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆ ಪ್ರಕರಣ ಹೋದದ್ದು ನಮ್ಮ ಕೇರಳದಿಂದಲೇ. ಮಾರ್ಪಾಡು ಮಾಡಿದ ಗಾಡಿ ಅಪಘಾತಕ್ಕೆ ಸಿಕ್ಕಿದರೆ ವಿಮೆಯವರು ತಕರಾರು ತೆಗೆಯಬಹುದು, ವಾರಂಟಿಯೂ ಕೈಬಿಡಬಹುದು.

ಹಾಗಾದರೆ ಗಾಡಿಯ ಹುಚ್ಚು ಬಿಟ್ಟುಬಿಡಬೇಕೇ? ಖಂಡಿತ ಬೇಡ. ನನಗೂ ಆ ಹುಚ್ಚು ಇದೆ. ವಿಡಿಯೊ ನೋಡಿ, ಎಂಜಿನ್ ಹೇಗೆ ಉಸಿರಾಡುತ್ತದೆ ಎಂದು ಓದಿ, ಸಾಧ್ಯವಾದರೆ ಐಟಿಐ, ಡಿಪ್ಲೊಮಾ ಸೇರಿ ಕೆಲಸವನ್ನೇ ಕಲಿಯಿರಿ. ಮನೆಯ ಗಾಡಿಗೆ ಏನಾದರೂ ಮಾಡಲೇಬೇಕೆಂದಿದ್ದರೆ ಅದರಲ್ಲಿ ಈಗಾಗಲೇ ಇರುವ ಟರ್ಬೊವನ್ನು ಚೆನ್ನಾಗಿ ನೋಡಿಕೊಳ್ಳಿ. ಹೇಳಿದ ಸಮಯಕ್ಕೆ ಎಂಜಿನ್ ಆಯಿಲ್ ಬದಲಿಸಿ. ನಿಮಿಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಸುತ್ತು ತಿರುಗಬಲ್ಲ ಟರ್ಬೊದ ಜೀವ ಇರುವುದು ಆ ಎಣ್ಣೆಯ ತೆಳು ಪೊರೆಯಲ್ಲಿ. ಏರ್ ಫಿಲ್ಟರ್ ಧೂಳು ತುಂಬಿದ್ದರೆ ಬದಲಿಸಿ. ಭಾರ ಹೇರಿ ಏರು ಹತ್ತಿ ಬಂದ ಕೂಡಲೇ ಎಂಜಿನ್ ಆಫ್ ಮಾಡಬೇಡಿ, ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡಿ, ಟರ್ಬೊ ತಣ್ಣಗಾಗಲಿ. ಟಯರ್ ಗಾಳಿ ಸರಿ ಇದೆಯೇ ನೋಡಿ. ಇವೆಲ್ಲ ಸೇರಿ ಕೊಡುವಷ್ಟು ಲಾಭವನ್ನು ಯಾವ ಟ್ಯೂನಿಂಗ್ ಕೂಡ ಪಪ್ಪನ ಗಾಡಿಗೆ ಕೊಡಲಾರದು.

ಹಿರಿಯರಲ್ಲೂ ಒಂದು ವಿನಂತಿ. ಮಕ್ಕಳು ಇಂಥದ್ದು ಕೇಳಿದರೆ ಬೈದು ಬಾಯಿ ಮುಚ್ಚಿಸಬೇಡಿ. ಕೂರಿಸಿಕೊಂಡು ಕಂತಿನ ಲೆಕ್ಕ, ಡೀಸೆಲ್ ಲೆಕ್ಕ, ರಿಪೇರಿ ಲೆಕ್ಕ ತೋರಿಸಿ. ಬೈಗುಳ ಕೇಳಿದ ಹುಡುಗ ಗುಟ್ಟಾಗಿ ಗ್ಯಾರೇಜಿಗೆ ಹೋಗುತ್ತಾನೆ.

ಆ ಹುಡುಗನಿಗೆ ನಿನ್ನೆ ಫೋನ್ ಮಾಡಿದ್ದೆ. ಇನ್ನೂ ಪೂರ್ತಿ ಮನಸ್ಸು ಬದಲಾಯಿಸಿಲ್ಲ. "ಅಣ್ಣ, ಮೊದಲು ಆಯಿಲ್ ಯಾವಾಗ ಬದಲಿಸಿದ್ದು ಅಂತ ಪಪ್ಪನ ಹತ್ರ ಕೇಳ್ತೇನೆ" ಎಂದ. ಸದ್ಯಕ್ಕೆ ಅಷ್ಟು ಸಾಕು. ಉಳಿದದ್ದನ್ನು ಮುಂದಿನ ಭಾನುವಾರ ಅಂಗಳದಲ್ಲಿ ಮಾತಾಡೋಣ. ಸೂಪರ್‌ಚಾರ್ಜರ್ ಪಕ್ಷದವರೂ ತಪ್ಪದೆ ಬನ್ನಿ.