‘ದಾಖಲೆ ಇಲ್ಲ’ ಎಂಬ ಎರಡು ಪದ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನನ್ನ ರೂಮ್‌ಮೇಟ್‌ಗಳಿಗೆ ಅರಣ್ಯ ಹಕ್ಕು ಕಾಯ್ದೆ ಎಂದರೆ ಒಂದು ಅಂಕದ ಪ್ರಶ್ನೆ. ಕಾಯ್ದೆ ಆದದ್ದು 2006ರಲ್ಲಿ, ಜಾರಿಗೆ ಬಂದದ್ದು 2007ರ ಡಿಸೆಂಬರ್ 31ರಂದು, ಕಟ್ ಆಫ್ ದಿನಾಂಕ 2005ರ ಡಿಸೆಂಬರ್ 13. ಇಷ್ಟು ಗೊತ್ತಿದ್ದರೆ ಮುಂದಿನ ಪ್ರಶ್ನೆಗೆ ಹೋಗಬಹುದು. ಸಿವಿಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್‌ನಲ್ಲಿದ್ದ ನನಗೂ ಅಷ್ಟೇ ಗೊತ್ತಿತ್ತು.

ಬಿ.ಇ. ಡಿಗ್ರಿ ಕೈಗೆ ಬರಬೇಕಾದರೆ ನೂರು ಆಕ್ಟಿವಿಟಿ ಪಾಯಿಂಟ್ ಬೇಕು. ಗಿಡ ನೆಟ್ಟು ಫೋಟೊ ತೆಗೆಸಿಕೊಂಡು ಮುಗಿಸುವವರೇ ಹೆಚ್ಚು. ನಾನು ರಜೆಯಲ್ಲಿ ಹುಣಸೂರು ಕಡೆಯ ಒಂದು ಉಚಿತ ಕಾನೂನು ನೆರವು ಕೇಂದ್ರಕ್ಕೆ ಹೋದೆ. ನಾಗರಹೊಳೆ ಅಂಚಿನ ಹಾಡಿಗಳ ಜೇನು ಕುರುಬರು, ಯರವರು ಅಲ್ಲಿಗೆ ಬರುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವರಿಗೆ ಕಾನೂನು ನೆರವು ಉಚಿತ, ಆದಾಯ ಎಷ್ಟೇ ಇರಲಿ. ಇದು ಗೊತ್ತಿದ್ದು ಬಂದವರು ಕಡಿಮೆ. ‘ಇಲ್ಲಿ ದುಡ್ಡು ಕೇಳಲ್ಲವಂತೆ’ ಎಂದು ಯಾರೋ ಹೇಳಿದ್ದನ್ನು ಕೇಳಿ ಬಂದವರೇ ಜಾಸ್ತಿ.

ಕಾನೂನು ಓದದ ನನಗೇನು ಕೆಲಸ ಎಂದುಕೊಂಡಿದ್ದೆ. ಬೇಕಾದಷ್ಟಿತ್ತು. ಜೆರಾಕ್ಸ್ ಮಾಡಿಸುವುದು, ರೇಷನ್ ಕಾರ್ಡಿನಲ್ಲಿ ಒಂದು ಹೆಸರು ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಹೊಂದಿಸಿ ನೋಡುವುದು, ಹಿರಿಯರ ಹೇಳಿಕೆ ಬರೆದುಕೊಳ್ಳುವುದು. ಆದರೆ ಹೆಚ್ಚು ಹೊತ್ತು ಹೋದದ್ದು ಹಿಂಬರಹಗಳನ್ನು ಓದುವುದರಲ್ಲಿ. ಹತ್ತಾರು ಅರ್ಜಿಗಳಿಗೆ ಬಂದಿದ್ದ ಉತ್ತರ ಒಂದೇ: ‘ದಾಖಲೆ ಇಲ್ಲ, ತಿರಸ್ಕರಿಸಲಾಗಿದೆ.’ ಯಾವ ದಾಖಲೆ ಎಂಬುದಿಲ್ಲ. ಸ್ಥಳ ನೋಡಿದರೋ ಇಲ್ಲವೋ ಅದೂ ಇಲ್ಲ.

ಇಲ್ಲಿಯೇ ಕಾನೂನು ಒಂದು ದಿಕ್ಕಿಗೆ, ಕಚೇರಿ ಒಂದು ದಿಕ್ಕಿಗೆ ಹೋಗುವುದು. ನಿಯಮದಲ್ಲಿ ಕಾಗದವಷ್ಟೇ ದಾಖಲೆಯಲ್ಲ. ಹಳೆಯ ಮನೆಯ ಗುರುತು, ಬಾವಿ, ಸಮಾಧಿ, ದೇವರ ಜಾಗ ಎಲ್ಲವೂ ಸಾಕ್ಷ್ಯ. ಅರ್ಜಿದಾರನಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಕಾಡಿನಲ್ಲಿ ಹುಟ್ಟಿ ಬೆಳೆದವರ ಹತ್ತಿರ ಪಹಣಿ ಎಲ್ಲಿರುತ್ತದೆ ಎಂದು ಯೋಚಿಸಿಯೇ ಈ ನಿಯಮ ಬರೆದಿದ್ದಾರೆ. ಅದನ್ನು ಜಾರಿ ಮಾಡುವವರು ಮತ್ತೆ ಪಹಣಿಯನ್ನೇ ಕೇಳುತ್ತಾರೆ.

ಇನ್ನೊಂದು ವಿಷಯಕ್ಕೆ ನನ್ನ ಪಠ್ಯ ಉಪಯೋಗಕ್ಕೆ ಬಂತು. ಕೆಲವು ಕಡತಗಳಲ್ಲಿ ‘ಉಪಗ್ರಹ ಚಿತ್ರದಲ್ಲಿ ಸಾಗುವಳಿ ಕಂಡುಬಂದಿಲ್ಲ’ ಎಂದಿತ್ತು. ಯಾವ ಉಪಗ್ರಹ, ಯಾವ ತಿಂಗಳ ಚಿತ್ರ ಎಂದು ಬರೆದಿರಲಿಲ್ಲ. ಒಂದು ಲೆಕ್ಕ ಹಾಕಿ ನೋಡಿ. ಆ ಕಾಲದಲ್ಲಿ ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿದ್ದ ಲಿಸ್-3 ಕ್ಯಾಮೆರಾದ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಸುಮಾರು 23.5 ಮೀಟರ್ ಉದ್ದ, ಅಷ್ಟೇ ಅಗಲ. ಹತ್ತು ಗುಂಟೆ ರಾಗಿ ಹೊಲ ಸುಮಾರು 1,012 ಚದರ ಮೀಟರ್. ಅಂದರೆ ಎರಡು ಪಿಕ್ಸೆಲ್‌ಗೂ ಕಡಿಮೆ! ಅದರ ನಡುವೆ ನಾಲ್ಕು ಮರ ಇದ್ದರೆ ಚಿತ್ರ ‘ಕಾಡು’ ಎನ್ನುತ್ತದೆ. ಬೇಸಿಗೆಯಲ್ಲಿ ತೆಗೆದ ಚಿತ್ರವಾದರೆ ಬೆಳೆಯೇ ಇರುವುದಿಲ್ಲ. ಇದಕ್ಕಿಂತ ಸ್ಪಷ್ಟವಾದ ಚಿತ್ರಗಳೂ ಇವೆ, ಸರಿ. ಆದರೆ ಯಾವುದನ್ನು ನೋಡಿದರು ಎಂದು ಹೇಳದಿದ್ದರೆ ಪರಿಶೀಲಿಸುವುದು ಹೇಗೆ? 2012ರ ತಿದ್ದುಪಡಿ ನಿಯಮವಂತೂ ಉಪಗ್ರಹ ಚಿತ್ರ ಉಳಿದ ಸಾಕ್ಷ್ಯಕ್ಕೆ ಪೂರಕ ಮಾತ್ರ, ಅದರ ಬದಲಿಗಲ್ಲ ಎಂದು ಹೇಳಿದೆ.

ಒಂದು ಹಾಡಿಯಲ್ಲಿ ಜಿಪಿಎಸ್ ಹಿಡಿದು ಗಡಿ ಗುರುತಿಸುವ ಕೆಲಸ ನನ್ನ ಪಾಲಿಗೆ ಬಂತು. ಜೊತೆಗೆ ಬಂದ ಯಜಮಾನರು ಮೊದಲು ನನ್ನನ್ನು ‘ಬುದ್ಧಿ’ ಎಂದು ಕರೆದರು. ಮೊಮ್ಮಗನ ವಯಸ್ಸಿನವನಿಗೆ ಹಾಗೆನ್ನಬೇಡಿ ತಾತ ಎಂದ ಮೇಲೆ ‘ಮಗ’ ಆದೆ. ಮರಗಳ ಕೆಳಗೆ ಜಿಪಿಎಸ್ ಹತ್ತು ಮೀಟರ್ ಅತ್ತಿತ್ತ ಹೋಗುತ್ತದೆ, ಒಂದೇ ಗಡಿಯನ್ನು ಮೂರು ಸಲ ಸುತ್ತಿ ಸರಾಸರಿ ತೆಗೆಯಬೇಕಾಯಿತು. ತಾತನಿಗೆ ಆ ತೊಂದರೆ ಇರಲಿಲ್ಲ. ಹುತ್ತ, ನೇರಳೆ ಮರ, ಅವರಪ್ಪನ ಸಮಾಧಿ ಎಂದು ಬೆರಳು ತೋರಿಸುತ್ತಾ ಹೋದರು. ಮೂರನ್ನೂ ಹೇಳಿಕೆಯಲ್ಲಿ ಬರೆದೆವು.

ಇದಕ್ಕೆ ಆತುರ ಯಾಕೆ? 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್, ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ತೆರವು ಮಾಡಿಸುವಂತೆ ಆದೇಶಿಸಿತು. ಅದೇ 28ರಂದು ಅದಕ್ಕೆ ತಡೆ ಕೊಟ್ಟು, ತಿರಸ್ಕಾರ ಕ್ರಮಬದ್ಧವಾಗಿ ನಡೆದಿದೆಯೇ ಎಂದು ರಾಜ್ಯಗಳನ್ನು ಕೇಳಿತು. ಹದಿನೈದು ದಿನದ ಅಂತರದಲ್ಲಿ ನಡೆದ ಈ ಎರಡು ಆದೇಶಗಳನ್ನು ಒಟ್ಟಿಗೆ ಓದಿದರೆ, ಆ ‘ದಾಖಲೆ ಇಲ್ಲ’ದ ಭಾರ ಗೊತ್ತಾಗುತ್ತದೆ. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯ ಜೇನು ಕುರುಬರು ನಾಗರಹೊಳೆಯೊಳಗಿನ ತಮ್ಮ ಹಳೆಯ ಜಾಗಕ್ಕೆ ಮರಳಿ ಹೋಗಿ ಗುಡಿಸಲು ಹಾಕಿದಾಗ ‘ಅತಿಕ್ರಮಣ’ ಎಂಬ ಮಾತು ಕೇಳಿಬಂತು. ಅವರೂ ಇದೇ ಕಾಯ್ದೆಯಡಿ ಹಕ್ಕು ಕೇಳಿದವರೇ.

ಸುಳ್ಳು ಅರ್ಜಿ ಹಾಕಿ ಕಾಡು ಕಬಳಿಸುತ್ತಾರೆ ಎಂಬ ವನ್ಯಜೀವಿ ಕಾಳಜಿಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೆಂದೇ ಕಟ್ ಆಫ್ ದಿನಾಂಕವಿದೆ, ನಾಲ್ಕು ಹೆಕ್ಟೇರ್ ಮಿತಿಯಿದೆ. ಕಟ್ಟುನಿಟ್ಟಾಗಿ ಪರಿಶೀಲಿಸಲಿ. ಕಾರಣ ಕೊಡದೆ ತಿರಸ್ಕರಿಸುವುದು ಪರಿಶೀಲನೆಯಲ್ಲ. ಹಕ್ಕು ಕೊಟ್ಟರೆ ಹುಲಿ ಉಳಿಯುವುದಿಲ್ಲ ಎನ್ನುವವರು ಬಿಳಿಗಿರಿರಂಗನ ಬೆಟ್ಟವನ್ನು ನೋಡಬೇಕು. ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ 2011ರಲ್ಲೇ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು.

ಕೇಂದ್ರದ ವಕೀಲ ಮೇಡಂ ಹೊಸ ಸ್ವಯಂಸೇವಕರಿಗೆ ಮೊದಲು ಕಲಿಸುವುದು ಒಂದೇ: ಟಪಾಲಿಗೆ ಏನು ಕೊಟ್ಟರೂ ಸೀಲು, ದಿನಾಂಕ ಇರುವ ಸ್ವೀಕೃತಿ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ. ತಿರಸ್ಕರಿಸಿದ ತೀರ್ಮಾನವನ್ನು ಅರ್ಜಿದಾರನಿಗೆ ಖುದ್ದಾಗಿ ತಿಳಿಸಬೇಕು, ಅಲ್ಲಿಂದ ಅರವತ್ತು ದಿನದೊಳಗೆ ಮೇಲಿನ ಸಮಿತಿಗೆ ಮನವಿ ಹಾಕಬೇಕು. ಹಿಂಬರಹ ಎರಡು ವರ್ಷ ಪಂಚಾಯಿತಿ ಕಪಾಟಿನಲ್ಲೇ ಕೂತಿದ್ದರೆ ಆ ಅರವತ್ತು ದಿನ ಎಲ್ಲಿಂದ ಶುರು? ನಮ್ಮ ಬಹುತೇಕ ಮನವಿಗಳು ಈ ಪ್ರಶ್ನೆಯಿಂದಲೇ ಆರಂಭವಾಗುತ್ತಿದ್ದವು.

ನಾನಿದ್ದ ದಿನಗಳಲ್ಲಿ ಒಂಬತ್ತು ಮನವಿ ಸಿದ್ಧಪಡಿಸಿದೆವು. ಒಂಬತ್ತಕ್ಕೂ ಸ್ವೀಕೃತಿ ಇದೆ. ತಾತನ ಕಡತ ಈಗ ಜಿಲ್ಲಾ ಮಟ್ಟದ ಸಮಿತಿಯ ಮುಂದಿದೆ. ಗಡಿ ನಕ್ಷೆಯ ಇನ್ನೊಂದು ಪ್ರತಿ ಬೇಕೆಂದು ಹೋದ ವಾರ ಮೇಡಂ ಫೋನ್ ಮಾಡಿದ್ದರು. ಇಂಟರ್ನಲ್ಸ್ ಮುಗಿದ ಶನಿವಾರ ಕೊಟ್ಟು ಬರುತ್ತೇನೆ.