ಸೂಜಿಯ ತಾರೀಖು ಮರೆಯಬೇಡಿ

ಲಸಿಕೆಯ ಮಾತು ಬಂತೆಂದರೆ ವಿಲೆ ಪಾರ್ಲೆಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಂಧುಗಳಲ್ಲಿ ಎರಡು ಪಕ್ಷ. "ಸೂಜಿಯಿಂದ ಯಾರಿಗೂ ಏನೂ ಆಗದು" ಎನ್ನುವವರು ಕೆಲವರು. "ಅದು ಎದೆಯನ್ನೇ ಕೆಡಿಸುತ್ತದೆ" ಎನ್ನುವವರು ಕೆಲವರು. ಇಬ್ಬರ ಮಾತೂ ಪೂರ್ತಿ ನಿಜವಲ್ಲ.

ಫ್ಲೂ ಮತ್ತು ಕೋವಿಡ್ ಲಸಿಕೆಗಳ ಬಳಿಕ ತೀರ ಅಪರೂಪಕ್ಕೆ ಶ್ವಾಸಕೋಶದ ಉರಿಯೂತ ಕಾಣಿಸಿಕೊಂಡುದನ್ನು ಜಪಾನ್ ಮೊದಲಾದ ದೇಶಗಳ ವೈದ್ಯರು ದಾಖಲಿಸಿದ್ದಾರೆ. ಇದು ಕ್ರಿಮಿಯಿಂದ ಬರುವ ನ್ಯುಮೋನಿಯಾ ಅಲ್ಲ. ದೇಹದ ರಕ್ಷಣಾ ಶಕ್ತಿಯೇ ಕೆರಳಿ ಶ್ವಾಸಕೋಶದ ತೆಳುಗೋಡೆಗಳು ಬಾತುಕೊಳ್ಳುತ್ತವೆ. ಕೆಲವು ದಿನ ಅಥವಾ ವಾರಗಳಲ್ಲಿ ಒಣಕೆಮ್ಮು, ಜ್ವರ, ಮೆಟ್ಟಿಲು ಹತ್ತಿದರೆ ಏದುಸಿರು. ಬೇಗ ಗುರುತಿಸಿ ಸ್ಟೀರಾಯ್ಡ್ ಔಷಧ ಕೊಟ್ಟಾಗ ಅನೇಕರು ಗುಣವಾಗಿದ್ದಾರೆ; ತಡವಾದರೆ ಪ್ರಾಣಕ್ಕೇ ಅಪಾಯ.

ತಡವಾಗುವುದು ನಮ್ಮಂಥವರಲ್ಲಿಯೇ. ಒಲೆಯ ಮುಂದೆ ನಿಲ್ಲುವವನು ಕೆಮ್ಮನ್ನು ಹೊಗೆಯ ಲೆಕ್ಕಕ್ಕೆ ಬರೆಯುತ್ತಾನೆ. ಗಿರಣಿಯಲ್ಲಿ ಹತ್ತಿಯ ಧೂಳು ಕುಡಿದ ಹಿರಿಯರು ಹಳೆಯ ಕೆಮ್ಮೆಂದು ಸುಮ್ಮನಿರುತ್ತಾರೆ. ರಜೆ ಕೇಳಿದರೆ ಕೆಲಸ ಹೋದೀತೆಂಬ ಅಂಜಿಕೆ ಬೇರೆ.

ಹಾಗೆಂದು ಸೂಜಿಯನ್ನೇ ಬಿಡಬೇಕೆ? ಖಂಡಿತ ಬೇಡ. ಒಂದೇ ಖೋಲಿಯಲ್ಲಿ ಹತ್ತು ಜನ ಮಲಗುವ ನಮಗೆ ರೋಗವೇ ದೊಡ್ಡ ಶತ್ರು. ಶ್ವಾಸಕೋಶವನ್ನು ಲಸಿಕೆಗಿಂತ ಎಷ್ಟೋ ಪಾಲು ಹೆಚ್ಚಾಗಿ ಕೆಡಿಸಿದ್ದು ಕೋವಿಡ್ ರೋಗವೇ.

ಇದೇ ಮುಂಬಯಿಯಲ್ಲಿ 1897ರ ಜನವರಿ 10ರಂದು ಹಾಫ್‌ಕಿನ್ ಸಾಹೇಬರು ತಾವೇ ತಯಾರಿಸಿದ ಪ್ಲೇಗು ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. 1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಆ ಲಸಿಕೆ ಪಡೆದ 19 ಜನರು ಧನುರ್ವಾಯುವಿನಿಂದ ಸತ್ತರು. ತಪ್ಪು ಲಸಿಕೆಯದಲ್ಲ, ಒಂದು ಬಾಟಲಿಗೆ ತಗಲಿದ ನಂಜಿನದು. ಆದರೂ ಹಾಫ್‌ಕಿನ್‌ರು ಆರೋಪದಿಂದ ಮುಕ್ತರಾಗಲು 1907 ಬರಬೇಕಾಯಿತು. ಹಾನಿಯನ್ನು ಮುಚ್ಚಿಡುವುದೂ ತಪ್ಪು, ವಿಚಾರಿಸದೆ ದೂರುವುದೂ ತಪ್ಪು.

ಸೂಜಿಯಾದ ಮೇಲಿನ ಕೆಮ್ಮೆಲ್ಲ ಸೂಜಿಯಿಂದಲೇ ಬಂದದ್ದಲ್ಲ. ಅದನ್ನು ನಿರ್ಣಯಿಸಬೇಕಾದವರು ಡಾಕ್ಟರರು. ಆದುದರಿಂದ ಬಂಧುಗಳೇ, ಲಸಿಕೆಯ ಚೀಟಿಯನ್ನು ಜೋಪಾನವಾಗಿಡಿ. ಉಸಿರು ಕಟ್ಟಿದರೆ ಪಾಳಿ ಮುಗಿಯಲೆಂದು ಕಾಯದೆ ಆಸ್ಪತ್ರೆಗೆ ಹೋಗಿರಿ. ಕೇಳದಿದ್ದರೂ ಸೂಜಿಯ ತಾರೀಖು ಹೇಳಿರಿ, ಅದನ್ನು ದಾಖಲಿಸಿ ಮೇಲಕ್ಕೆ ವರದಿ ಮಾಡಲು ಕೇಳಿರಿ. ಮಾಲೀಕರಿಗೂ ಒಂದು ಮಾತು: ಸೂಜಿ ಹಾಕಿಸಿಕೊಂಡು ಬಾ ಎಂದು ಕಳಿಸುವವರು, ಸೂಜಿಯ ನಂತರ ಮಲಗಿದವನ ಪಗಾರವನ್ನು ಕಡಿಯಬಾರದು. ಅಪರೂಪದ ಕಾಯಿಲೆಯೇ ನಿಜ. ಆದರೆ ಅದು ಬಂದವನ ಮನೆಯಲ್ಲಿ ದುಡಿಯುವವನು ಅವನೊಬ್ಬನೇ.