ಟ್ರೆಷರ್ ಹಂಟ್ ಅಂದರೆ ಕ್ಯೂಆರ್ ಸ್ಕ್ಯಾನ್ ಅಲ್ಲ, ಸ್ವಾಮಿ!

ತಾಲ್ಲೂಕು ಕೇಂದ್ರದ ಕಾಲೇಜೊಂದರ ಫೆಸ್ಟ್‌ಗೆ ಹೋಗಿದ್ದೆವು. ಹೆಸರು ಬೇಡ ಬಿಡಿ. ಟ್ರೆಷರ್ ಹಂಟ್ ನಡೆದಿತ್ತು. ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದ್ದರು. ಸ್ಕ್ಯಾನ್ ಮಾಡಿದರೆ ಇಂಗ್ಲಿಷ್ ಒಗಟು. ಪ್ರತಿ ತಂಡದಲ್ಲೂ ಒಳ್ಳೆ ಫೋನಿದ್ದ, ಇಂಗ್ಲಿಷ್ ಬಲ್ಲ ಒಬ್ಬನೇ ಆಡಿದ. ಉಳಿದವರು ಅವನ ಹಿಂದೆ ಓಡಿದರು. ಹಳ್ಳಿಯಿಂದ ಬಸ್ ಹತ್ತಿ ಬಂದ ಹೆಣ್ಣುಮಕ್ಕಳು ಬ್ಯಾಗ್ ಕಾಯುತ್ತಾ ಕೂತಿದ್ದರು.

ಇದು ಆಟವಲ್ಲ. ನಿಧಿ ಹುಡುಕುವ ಆಟದಲ್ಲಿ ರೇಡಿಯೊ ಹಿಡಿದು ದಿಕ್ಕು ಪತ್ತೆ ಮಾಡುವುದೂ ಇರಬೇಕು, ಗುಪ್ತಲಿಪಿ ಬಿಡಿಸುವುದೂ ಇರಬೇಕು. ಎರಡೂ ಒಟ್ಟಿಗೆ ಇರಬೇಕು ಎಂಬುದು ನಮ್ಮ ವಾದ.

ದಿಕ್ಕು ಪತ್ತೆಯ ಆಟ ಹೊಸದೇನಲ್ಲ. ಹ್ಯಾಮ್ ರೇಡಿಯೊದವರು ಇದನ್ನು ‘ಫಾಕ್ಸ್ ಹಂಟ್’ ಅನ್ನುತ್ತಾರೆ. 1980ರಿಂದ ಇದಕ್ಕೆ ವಿಶ್ವ ಚಾಂಪಿಯನ್‌ಶಿಪ್ ಕೂಡ ಇದೆ. ಕಾಡಿನಲ್ಲಿ ಬಚ್ಚಿಟ್ಟ ಐದು ಟ್ರಾನ್ಸ್‌ಮಿಟರ್‌ಗಳು ಸರದಿಯಂತೆ ಒಂದೊಂದು ನಿಮಿಷ ಮೋರ್ಸ್ ಸಂಕೇತ ಕಳಿಸುತ್ತವೆ. ಆಟಗಾರರು ಆಂಟೆನಾ ತಿರುಗಿಸುತ್ತಾ ಹುಡುಕಿಕೊಂಡು ಹೋಗಬೇಕು.

ಇದರ ಗುಟ್ಟು ಮನೆಯ ಹಳೇ ಟ್ರಾನ್ಸಿಸ್ಟರ್‌ನಲ್ಲೇ ಇದೆ. ಮೀಡಿಯಂ ವೇವ್ ನಿಲಯ ಹಚ್ಚಿ, ರೇಡಿಯೊ ನಿಲ್ಲಿಸಿಕೊಂಡೇ ನಿಧಾನಕ್ಕೆ ತಿರುಗಿಸಿ. ಒಂದು ಕಡೆ ದನಿ ಕುಗ್ಗುತ್ತದೆ. ಆಗ ಒಳಗಿನ ಫೆರೈಟ್ ಕಡ್ಡಿಯ ತುದಿ ನಿಲಯದ ಗೆರೆಯಲ್ಲಿರುತ್ತದೆ. ನಿಲಯ ಮುಂದಿದೆಯೋ ಹಿಂದಿದೆಯೋ ಗೊತ್ತಾಗದು. ದೂರದ ಇನ್ನೊಂದು ಊರಿನಿಂದ ಮತ್ತೆ ನೋಡಿ, ನಕ್ಷೆಯಲ್ಲಿ ಎರಡು ಗೆರೆ ಎಳೆಯಿರಿ. ಅವು ಕೂಡುವಲ್ಲಿ ನಿಲಯ!

ಗುಪ್ತಲಿಪಿಗೂ ಇಂಗ್ಲಿಷ್ ಬೇಕಿಲ್ಲ. ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ನಮ್ಮಲ್ಲೇ ಇದೆ. ಸಂಗೀತದವರು ಮೇಳಕರ್ತ ರಾಗದ ಹೆಸರಿನಲ್ಲೇ ಅದರ ಸಂಖ್ಯೆ ಅಡಗಿಸಿದ್ದಾರೆ. ಧೀರಶಂಕರಾಭರಣದಲ್ಲಿ ಧ ಅಂದರೆ 9, ರ ಅಂದರೆ 2. ಹಿಂದುಮುಂದು ಮಾಡಿದರೆ 29ನೇ ಮೇಳ. ಸುಳಿವಿನ ಚೀಟಿಯಲ್ಲಿ ‘ಧೀರ’ ಎಂದು ಬರೆದರೆ ಪೆಟ್ಟಿಗೆಯ ಬೀಗದ ನಂಬರ್ ಕೊಟ್ಟಂತಾಯಿತು.

ಎರಡೂ ಯಾಕೆ? ಬರೀ ರೇಡಿಯೊ ಇದ್ದರೆ ಜೋರಾಗಿ ಓಡುವವನೇ ಗೆಲ್ಲುತ್ತಾನೆ. ಬರೀ ಲಿಪಿ ಇದ್ದರೆ ಫ್ಯಾನಿನ ಕೆಳಗೆ ಕೂತವನು ಗೆಲ್ಲುತ್ತಾನೆ. ಎರಡೂ ಸೇರಿದರೆ ಕಿವಿಗೊಡುವವಳು, ನಕ್ಷೆ ಓದುವವನು, ಲೆಕ್ಕ ಹಾಕುವವಳು, ಓಡುವವನು ಎಲ್ಲರೂ ಬೇಕು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಜಲಾಂತರ್ಗಾಮಿಗಳ ಬೆನ್ನು ಹತ್ತಿದ್ದೂ ಹೀಗೇ. ದಿಕ್ಕು ಪತ್ತೆಯವರು ಶತ್ರು ಎಲ್ಲಿದ್ದಾನೆ ಎಂದು ಹೇಳಿದರು, ಬ್ಲೆಚ್ಲಿ ಪಾರ್ಕ್‌ನ ಲಿಪಿ ಬಿಡಿಸುವವರು ಅವನು ಏನು ಹೇಳುತ್ತಿದ್ದಾನೆ ಎಂದು ಹೇಳಿದರು.

‘ಮಕ್ಕಳಿಗೆ ಗೂಢಚಾರಿಕೆ ಕಲಿಸ್ತೀರಾ?’ ಎಂದು ಕೇಳುವವರಿದ್ದಾರೆ. ನಾವು ಕಲಿಸಿ ಅನ್ನುವುದು ಭೌತಶಾಸ್ತ್ರ, ಗಣಿತ. ‘ದುಡ್ಡೆಲ್ಲಿದೆ?’ ಅಂತೀರಾ? ಪ್ಲಂಬರ್ ಪೈಪ್‌ಗೆ ಬಡಗಿಯ ಸ್ಟೀಲ್ ಟೇಪ್ ಕತ್ತರಿಸಿ ಕಟ್ಟಿದರೆ ಆಂಟೆನಾ ಆಗುತ್ತದೆ. ಒಂದು ಮಾತು ಮಾತ್ರ ನೆನಪಿರಲಿ: ಹ್ಯಾಮ್ ತರಂಗದಲ್ಲಿ ಪ್ರಸಾರ ಮಾಡಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವ ಹ್ಯಾಮ್ ಒಬ್ಬರನ್ನು ಕರೆಸಿ, ಟ್ರಾನ್ಸ್‌ಮಿಟರ್ ಅವರ ಕೈಯಲ್ಲೇ ಇರಲಿ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ನೀವೇ ಎದ್ದು ಕೇಳಿ: ನಮ್ಮ ಮಕ್ಕಳು ಯಾವಾಗ ಹುಡುಕುತ್ತಾರೆ? ಬ್ಯಾಗ್ ಕಾದಿದ್ದು ಸಾಕು.